ದುಡ್ಡು ಕೊಟ್ಟವರ ಮನೆಗೇ ಬೀಗ

ಮೈಸೂರಿನಲ್ಲಿ ನನ್ನದೊಂದು ಪುಟ್ಟ ಕೆಲಸದ ಕೋಣೆ ಇದೆ. ಹಳೆಯ ಕ್ಯಾಸೆಟ್, ಎಲ್‌ಪಿ, ಸಿಡಿಗಳಲ್ಲಿರುವ ಧ್ವನಿಯನ್ನು ಕಂಪ್ಯೂಟರ್‌ಗೆ ಇಳಿಸಿ, ಗರಗರ ಸದ್ದನ್ನು ಆದಷ್ಟು ತೆಗೆದು, ಫೈಲುಗಳಾಗಿ ಮಾಡಿಕೊಡುತ್ತೇನೆ. ಪೆಟ್ಟಿಗೆ ಹೊತ್ತು ತರುವವರಲ್ಲಿ ಹೆಚ್ಚಿನವರು ಹಿರಿಯರ ಮನೆ ಖಾಲಿ ಮಾಡುತ್ತಿರುವವರು. "ಮೇಡಂ, ಇಳಿಸಿಕೊಂಡ ಮೇಲೆ ಇವನ್ನೆಲ್ಲ ಗುಜರಿಗೆ ಹಾಕಬಹುದಲ್ಲವೇ? ಹೇಗೂ ಹಾಡುಗಳು ಮೊಬೈಲ್‌ನಲ್ಲೇ ಸಿಗುತ್ತವೆ" ಎಂದು ಕೇಳುತ್ತಾರೆ. ಹಾಕಬೇಡಿ ಎನ್ನುತ್ತೇನೆ. ಕಾರಣವನ್ನು ಬಾಗಿಲಲ್ಲಿ ನಿಂತು ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾರಣ ಹೇಳಬೇಕೆಂದರೆ ಸೋನಿ ಕಂಪನಿಯಿಂದ ಶುರುಮಾಡಬೇಕು. ಹಾಡು ಕೇಳುವ ಯಂತ್ರವನ್ನು ಮಾಡಿದ್ದೂ ಅದೇ, ಹಾಡನ್ನು ಮಾರಿದ್ದೂ ಅದೇ. ಕೊಂಡವರ ಪರವಾಗಿ ಅಮೆರಿಕದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿ ಗೆದ್ದ ಕಂಪನಿ ಅದು. ಎರಡು ದಶಕಗಳ ಬಳಿಕ, ದುಡ್ಡು ಕೊಟ್ಟು ತನ್ನ ಸಿಡಿ ಕೊಂಡವರ ಕಂಪ್ಯೂಟರಿಗೆ ಕದ್ದು ನುಗ್ಗಿದ್ದೂ ಅದರದೇ ಸಂಗೀತ ಕಂಪನಿ.

ಮೊದಲು ಅದರ ಒಳ್ಳೆಯ ಕಾಲವನ್ನು ಹೇಳುತ್ತೇನೆ. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ಎಂಬ ವೀಡಿಯೊ ರೆಕಾರ್ಡರ್ ಅನ್ನು ಮಾರುಕಟ್ಟೆಗೆ ತಂದಿತು. ಟಿವಿಯಲ್ಲಿ ಬರುವ ಕಾರ್ಯಕ್ರಮವನ್ನು ಮನೆಯಲ್ಲೇ ಮುದ್ರಿಸಿಕೊಂಡು ಬಿಡುವಾದಾಗ ನೋಡಬಹುದಿತ್ತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಎಂಬ ಚಲನಚಿತ್ರ ಕಂಪನಿಗಳು ದಾವೆ ಹೂಡಿದವು. ಇಂಥ ಯಂತ್ರ ಮಾರುವುದೇ ಕಳವಿಗೆ ಕುಮ್ಮಕ್ಕು ಎಂಬುದು ಅವುಗಳ ವಾದ. 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಸೋನಿಯ ಪರವಾಗಿ ತೀರ್ಪು ಕೊಟ್ಟಿತು. ಮನೆಯವರು ಆಮೇಲೆ ನೋಡುವುದಕ್ಕೆಂದು ಮುದ್ರಿಸಿಕೊಳ್ಳುವುದು ತಪ್ಪಲ್ಲ, ನ್ಯಾಯಯುತ ಬಳಕೆಗೆ ಒದಗುವ ಯಂತ್ರವನ್ನು ಮಾರುವುದೂ ತಪ್ಪಲ್ಲ ಎಂದಿತು. ಒಂದೇ ಒಂದು ಮತ ಆಚೆಗೆ ಹೋಗಿದ್ದರೆ ಆಮೇಲಿನ ಎಷ್ಟೋ ಉಪಕರಣಗಳ ಹಣೆಬರಹವೇ ಬೇರೆಯಾಗುತ್ತಿತ್ತು. ಅಷ್ಟು ವರ್ಷ ವಕೀಲರಿಗೆ ಹಣ ಸುರಿದು ಹೋರಾಡಿದ ಸೋನಿಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಸಿಡಿಯೂ ಆ ಕಾಲದ್ದೇ. ಸೋನಿ ಮತ್ತು ಫಿಲಿಪ್ಸ್ ಕೂಡಿ ರೂಪಿಸಿದ ಈ 12 ಸೆಂಟಿಮೀಟರ್ ಅಗಲದ ತಟ್ಟೆ 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನ ಅಂಕಿಯಾಗಿ ಬರೆದಿಡುತ್ತಾರೆ. ಹಾಡು ಹೇಗಿದೆಯೋ ಹಾಗೇ ಅಂಕಿಗಳಾಗಿ ಬಯಲಲ್ಲಿ ಬಿದ್ದಿರುತ್ತದೆ, ನಕಲು ಮಾಡದಂತೆ ತಡೆಯುವ ಬೀಗವಿಲ್ಲ, ಗುಟ್ಟಿನ ಲಿಪಿಯಿಲ್ಲ. ಬೀಗ ಹಾಕಬೇಕೆಂದು ಆಗ ಯಾರಿಗೂ ತೋಚಲಿಲ್ಲ. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕ್ 10 ಮೆಗಾಬೈಟ್‌ನದು; ಒಂದು ಸಿಡಿಯಲ್ಲಿರುವುದನ್ನು ಇಳಿಸಿಕೊಳ್ಳಲು ಅಂಥ ಅರವತ್ತಕ್ಕೂ ಹೆಚ್ಚು ಡಿಸ್ಕ್‌ಗಳು ಬೇಕಾಗುತ್ತಿದ್ದವು. ಮುಂದೆ ಮನೆಮನೆಯ ಕಂಪ್ಯೂಟರ್‌ಗೂ ಸಿಡಿ ಡ್ರೈವ್ ಬರುತ್ತದೆ ಎಂದು ಎಣಿಸದೇ ಇದ್ದದ್ದರಿಂದಲೇ ಕೊಂಡವರಿಗೆ ಇಷ್ಟು ಪ್ರಾಮಾಣಿಕವಾದ ವಸ್ತು ದಕ್ಕಿತು. ಎಂಬತ್ತರ ದಶಕದಲ್ಲಿ ಅಚ್ಚಾದ ತಟ್ಟೆಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಗೀರು ಬಿದ್ದಿಲ್ಲವಾದರೆ ಮೊದಲ ದಿನ ಓದಿದ ಅಂಕಿಗಳನ್ನೇ ಇಂದೂ ಓದುತ್ತವೆ. ಯಾವ ಕಂಪನಿಯ ಸರ್ವರ್‌ನ ಅಪ್ಪಣೆಯೂ ಅವಕ್ಕೆ ಬೇಕಿಲ್ಲ.

1988ರಲ್ಲಿ ಸೋನಿ 200 ಕೋಟಿ ಡಾಲರ್ ಕೊಟ್ಟು ಸಿಬಿಎಸ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಯನ್ನು ಕೊಂಡುಕೊಂಡಿತು. ಯಂತ್ರದ ವಿಭಾಗಕ್ಕೆ ಜನ ಧಾರಾಳವಾಗಿ ಹಾಡು ತುಂಬಿಕೊಳ್ಳಬೇಕು, ಹಾಡಿನ ವಿಭಾಗಕ್ಕೆ ಜನ ಒಂದು ಪ್ರತಿಯನ್ನೂ ಮಾಡಿಕೊಳ್ಳಬಾರದು. ನನ್ನ ತಿಳಿವಳಿಕೆಯಲ್ಲಿ ಸೋನಿಯ ಎಡವಟ್ಟು ಶುರುವಾಗಿದ್ದು ಇಲ್ಲಿಂದ. 1999ರ ಕೊನೆಗೆ ಮೆಮೊರಿ ಸ್ಟಿಕ್ ಎಂಬ ಪುಟ್ಟ ಕಾರ್ಡ್ ಹಾಕಿಕೊಂಡು ಹಾಡುವ ವಾಕ್‌ಮನ್ ಬಂತು. ಐಪಾಡ್ ಇನ್ನೂ ಹುಟ್ಟಿರಲಿಲ್ಲ. ಆದರೆ ಆ ವಾಕ್‌ಮನ್ ನೇರವಾಗಿ ಎಂಪಿ3 ಹಾಡುತ್ತಿರಲಿಲ್ಲ. ಪ್ರತಿ ಹಾಡನ್ನೂ ಸೋನಿಯ ಸ್ವಂತ ಎಟ್ರಾಕ್ ರೂಪಕ್ಕೆ ಬದಲಿಸಬೇಕು, ಸೋನಿಯದೇ ತಂತ್ರಾಂಶದ ಮೂಲಕ ಯಂತ್ರಕ್ಕೆ ಹಾಕಬೇಕು, ಗ್ರಂಥಾಲಯದ ಪುಸ್ತಕದ ಹಾಗೆ ಎರವಲು ಕೊಟ್ಟ ಲೆಕ್ಕ, ಹಿಂದಿರುಗಿಸಿದ ಲೆಕ್ಕ ಇಡಿಸಬೇಕು. 2001ರ ಅಕ್ಟೋಬರ್‌ನಲ್ಲಿ ಆಪಲ್ ಸಾವಿರ ಹಾಡು ಹಿಡಿಸುವ ಐಪಾಡ್ ತಂದಿತು; ಅದಕ್ಕೆ ಎಂಪಿ3 ತುಂಬಿದರೆ ಸಾಕು, ಹಾಡುತ್ತಿತ್ತು. ನಡೆಯುತ್ತ ಹಾಡು ಕೇಳುವುದನ್ನು 1979ರಲ್ಲಿ ಜಗತ್ತಿಗೆ ಕಲಿಸಿದ ಕಂಪನಿ ತನ್ನದೇ ಅಂಗಳದಲ್ಲಿ ಸೋತಿತು. ಪ್ಲೇಸ್ಟೇಷನ್ ರೂಪಿಸಿದ ಕೆನ್ ಕುಟರಾಗಿ 2005ರ ಜನವರಿಯಲ್ಲಿ ಟೋಕಿಯೊದಲ್ಲಿ ಪತ್ರಕರ್ತರ ಮುಂದೆಯೇ, ಹಾಡು ಮತ್ತು ಚಲನಚಿತ್ರಗಳ ಹಕ್ಕಿನ ಚಿಂತೆಯಲ್ಲಿ ಕಂಪನಿ ಹಿಂದೆ ಬಿತ್ತು ಎಂದು ಒಪ್ಪಿಕೊಂಡರು. ಒಳಗಿನವರೇ ಆಡಿದ ಮಾತು ಅದು.

ಅಷ್ಟರಲ್ಲಿ ಸಿಡಿಗೇ ಬೀಗ ಜಡಿಯುವ ಪ್ರಯತ್ನಗಳು ನಡೆದಿದ್ದವು. ಅಂಥ ಒಂದು ತಟ್ಟೆ ನನ್ನ ಕೈಗೂ ಬಂದಿತ್ತು. ಕೆಲವು ವರ್ಷ ಜರ್ಮನಿಯಲ್ಲಿದ್ದು ಮರಳಿದ ಎಂಜಿನಿಯರ್ ಒಬ್ಬರ ಪೆಟ್ಟಿಗೆಯಲ್ಲಿತ್ತು. ಮಾಮೂಲಿ ಸಿಡಿಯಲ್ಲಿ ಇರಬೇಕಾದ ಮುದ್ರೆ ಅದರ ಮೇಲೆ ಇರಲಿಲ್ಲ. ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಮನಬಿಲ್ಲಿನ ಬಣ್ಣದ ಹರವು ಅಂಚಿನ ತನಕ ಒಂದೇ ಸಮನಾಗಿ ಹೋಗುವುದಿಲ್ಲ. ಅಂಚಿಗೆ ಸ್ವಲ್ಪ ಒಳಗೆ ಕೂದಲೆಳೆಯಂಥ ಒಂದು ಉಂಗುರ, ಅದರಾಚೆ ಬೇರೆ ಛಾಯೆಯ ಸಣ್ಣ ಪಟ್ಟಿ. ಹಾಡುಗಳೆಲ್ಲ ಉಂಗುರದ ಒಳಗಿವೆ. ಆಚೆಯ ಪಟ್ಟಿಯಲ್ಲಿರುವುದು ಕಂಪ್ಯೂಟರನ್ನು ದಾರಿ ತಪ್ಪಿಸುವ ಮಾಹಿತಿ. ಸಾಮಾನ್ಯ ಸಿಡಿ ಪ್ಲೇಯರ್ ಮೊದಲ ಭಾಗವನ್ನಷ್ಟೇ ಓದಿ ಹಾಡುತ್ತದೆ. ಕಂಪ್ಯೂಟರ್ ಕೊನೆಯ ಭಾಗವನ್ನು ಮೊದಲು ಹುಡುಕುವುದರಿಂದ ಅಲ್ಲೇ ಸಿಕ್ಕಿಬೀಳುತ್ತದೆ. 2002ರಲ್ಲಿ ಸೋನಿ ಯುರೋಪಿನಲ್ಲಿ ಸೆಲೀನ್ ಡಿಯಾನ್ ಅವರ ಹೊಸ ಆಲ್ಬಮ್‌ಗೆ ಇಂಥದೇ ಬೀಗ ಹಾಕಿತ್ತು. ಅದನ್ನು ಹಾಕಿದ ಕೆಲವು ಐಮ್ಯಾಕ್ ಕಂಪ್ಯೂಟರ್‌ಗಳು ತಟ್ಟೆಯನ್ನು ನುಂಗಿ ಮತ್ತೆ ಉಗುಳದೆ ಕುಳಿತವು. ಅದೇ ವರ್ಷದ ಮೇ ತಿಂಗಳಲ್ಲಿ ಜನ ಮದ್ದನ್ನೂ ಕಂಡುಹಿಡಿದರು. ಅಂಚಿನ ಪಟ್ಟಿಯ ಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದರೆ ಬೀಗ ಬಿಟ್ಟುಕೊಳ್ಳುತ್ತಿತ್ತು! ಇಂಥ ತಟ್ಟೆಗಳು ಸಿಡಿಗಳೇ ಅಲ್ಲ, ಅವುಗಳ ಮೇಲೆ ನಮ್ಮ ಮುದ್ರೆ ಬೇಡ ಎಂದು ಫಿಲಿಪ್ಸ್ ಆಕ್ಷೇಪಿಸಿತು. ನನ್ನ ಮೇಜಿನ ಮೇಲಿದ್ದ ತಟ್ಟೆಗೆ ಮಾರ್ಕರ್ ಬೇಕಾಗಲಿಲ್ಲ. ನನ್ನಲ್ಲಿರುವ ಹಳೆಯ ಡ್ರೈವ್ ಒಂದು ಎರಡನೆಯ ಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾಡುಗಳನ್ನೆಲ್ಲ ಓದಿಕೊಟ್ಟಿತು.

ಇದೆಲ್ಲ ಬರಿಯ ಕಿರಿಕಿರಿ. 2005ರಲ್ಲಿ ಆದದ್ದು ಅಪರಾಧ.

ಆ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ತಜ್ಞ ತನ್ನ ಕಂಪ್ಯೂಟರಿನಲ್ಲಿ ಕಂಡದ್ದನ್ನು ಬರೆದು ಪ್ರಕಟಿಸಿದ. ಗುಪ್ತ ತಂತ್ರಾಂಶಗಳನ್ನು ಪತ್ತೆಹಚ್ಚುವ ಉಪಕರಣವನ್ನು ಅವನೇ ಸಿದ್ಧಪಡಿಸಿದ್ದ. ಅದನ್ನು ತನ್ನ ಯಂತ್ರದ ಮೇಲೆ ಓಡಿಸಿದಾಗ ಕಣ್ಣಿಗೆ ಕಾಣದ ಕಡತಗಳು ಸಿಕ್ಕವು. ತಮ್ಮ ತಂತ್ರಾಂಶವನ್ನು ಕಂಪ್ಯೂಟರಿನೊಳಗೆ ಬಚ್ಚಿಡಲು ಸಾಮಾನ್ಯವಾಗಿ ದುಷ್ಕರ್ಮಿಗಳು ಬಳಸುವ ರೂಟ್‌ಕಿಟ್ ತಂತ್ರ ಅದು. ಬೆನ್ನು ಹತ್ತಿ ಹೋದರೆ ಮೂಲ ಸಿಕ್ಕಿದ್ದು ಅವನು ದುಡ್ಡು ಕೊಟ್ಟು ಕೊಂಡಿದ್ದ, ಸೋನಿಯು ಬಿಎಂಜಿ ಜೊತೆ ಸೇರಿ ನಡೆಸುತ್ತಿದ್ದ ಸಂಗೀತ ಕಂಪನಿ ಸೋನಿ ಬಿಎಂಜಿಯ ಒಂದು ಸಿಡಿಯಲ್ಲಿ. ಬ್ರಿಟನ್ನಿನ ಫಸ್ಟ್ ಫೋರ್ ಇಂಟರ್ನೆಟ್ ಎಂಬ ಕಂಪನಿ ಎಕ್ಸ್‌ಸಿಪಿ ಎಂಬ ಈ ಬೀಗವನ್ನು ಮಾಡಿಕೊಟ್ಟಿತ್ತು. ತಟ್ಟೆಯನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ಷರತ್ತಿಗೆ ಒಪ್ಪಿಗೆ ಒತ್ತಿದರೆ ಹಾಡು ನುಡಿಸುವ ಪ್ಲೇಯರ್ ಬರುತ್ತದೆ. ಅದರ ಬೆನ್ನಿಗೇ ಷರತ್ತಿನಲ್ಲಿ ಬಿಡಿಸಿ ಹೇಳದ ಇನ್ನೊಂದು ತಂತ್ರಾಂಶ ವ್ಯವಸ್ಥೆಯ ಆಳಕ್ಕೆ ಇಳಿದು ಅವಿತುಕೊಳ್ಳುತ್ತದೆ. ಡಾಲರ್ ಚಿಹ್ನೆ, ಸಿಸ್, ಮತ್ತೆ ಡಾಲರ್ ಚಿಹ್ನೆ, ಹೀಗೆ ಹೆಸರು ಶುರುವಾಗುವ ಯಾವುದೇ ಕಡತವನ್ನು ಅದು ಕಂಪ್ಯೂಟರಿನ ಒಡೆಯನ ಕಣ್ಣಿಗೆ ಬೀಳದಂತೆ ಮರೆಮಾಡುತ್ತಿತ್ತು. ಹಾಡು ಹಾಕದೇ ಇದ್ದಾಗಲೂ ಎರಡೆರಡು ಸೆಕೆಂಡಿಗೊಮ್ಮೆ ಎದ್ದು ಯಂತ್ರದಲ್ಲಿ ಏನೇನು ಓಡುತ್ತಿದೆ ಎಂದು ತಡಕಾಡುತ್ತಿತ್ತು. ತೆಗೆದುಹಾಕುವ ದಾರಿಯನ್ನು ಕೊಟ್ಟಿರಲಿಲ್ಲ. ರುಸಿನೋವಿಚ್ ತಾನೇ ಕಿತ್ತುಹಾಕಿದಾಗ ಅವನ ಸಿಡಿ ಡ್ರೈವ್ ಕಂಪ್ಯೂಟರಿನಿಂದಲೇ ಮಾಯವಾಯಿತು. ಅವನು ನುರಿತವನಾದ್ದರಿಂದ ಸರಿಪಡಿಸಿಕೊಂಡ. ಮನೆಯ ಮಕ್ಕಳ ಕಂಪ್ಯೂಟರಿನಲ್ಲಿ ಹೀಗಾದರೆ ಯಾರನ್ನು ಕೇಳಬೇಕು?

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೆಲವೇ ದಿನಗಳಲ್ಲಿ ವೈರಸ್ ಬರೆಯುವವರು ತಮ್ಮ ಕಡತಗಳಿಗೂ ಅದೇ ಹೆಸರಿಟ್ಟು ಸೋನಿ ಕಟ್ಟಿಕೊಟ್ಟ ಮರೆಯಲ್ಲಿ ಅಡಗಿಕೊಂಡರು. ಸಂಗೀತ ಕಂಪನಿಯ ಡಿಜಿಟಲ್ ವ್ಯವಹಾರದ ಮುಖ್ಯಸ್ಥರು ಅಮೆರಿಕದ ರೇಡಿಯೊದಲ್ಲಿ, ಬಹುಪಾಲು ಜನರಿಗೆ ರೂಟ್‌ಕಿಟ್ ಅಂದರೆ ಏನೆಂದೇ ತಿಳಿಯದಿರುವಾಗ ಅದರ ಚಿಂತೆ ಅವರಿಗೇಕೆ ಎಂಬರ್ಥದ ಮಾತಾಡಿದರು. ಇಡೀ ಪ್ರಕರಣದಲ್ಲಿ ನನ್ನ ರಕ್ತ ಕುದಿಯುವುದು ಇಲ್ಲಿ. ಕೊಂಡವರಿಗೆ ತಿಳಿಯದು ಎಂಬುದನ್ನೇ ಬಂಡವಾಳ ಮಾಡಿಕೊಂಡ ಮನಸ್ಸು ಅದು. ಒತ್ತಡ ಬಿದ್ದ ಮೇಲೆ ತೆಗೆದುಹಾಕುವ ತಂತ್ರಾಂಶವನ್ನು ಕೊಟ್ಟರು. ಅದು ಯಾವ ಜಾಲತಾಣ ಬೇಕಾದರೂ ಒಳನುಗ್ಗಬಹುದಾದಷ್ಟು ದೊಡ್ಡ ಕಂಡಿಯನ್ನು ಬಿಡುತ್ತದೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಎಡ್ ಫೆಲ್ಟೆನ್ ತೋರಿಸಿಕೊಟ್ಟರು. ನವೆಂಬರ್ ಮಧ್ಯದಲ್ಲಿ ತಟ್ಟೆಗಳನ್ನು ವಾಪಸು ತರಿಸಿಕೊಳ್ಳುವ ಘೋಷಣೆಯಾಯಿತು. ಅಷ್ಟರಲ್ಲಿ 20 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ ಹೋಗಿದ್ದವು. ಟೆಕ್ಸಸ್ ರಾಜ್ಯ ಮೊಕದ್ದಮೆ ಹೂಡಿತು, ಸಾಮೂಹಿಕ ದಾವೆಗಳು ಬಂದವು, 2007ರ ಜನವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಗಿ, ಕಂಪ್ಯೂಟರ್ ಕೆಟ್ಟವರಿಗೆ 150 ಡಾಲರ್‌ವರೆಗೆ ರಿಪೇರಿ ವೆಚ್ಚ ಕೊಡಲು ಕಂಪನಿ ಒಪ್ಪಿತು.

ಇದರಲ್ಲಿ ಇನ್ನೊಂದು ವಿಷಯವಿದೆ, ಇದನ್ನು ಬಲ್ಲವರು ಕಡಿಮೆ. ಹಾಲ್ಡರ್‌ಮನ್ ಮತ್ತು ಫೆಲ್ಟೆನ್ ಈ ಗುಪ್ತ ತಂತ್ರಾಂಶವನ್ನು ರುಸಿನೋವಿಚ್ ಬರೆಯುವುದಕ್ಕೆ ಸುಮಾರು ಒಂದು ತಿಂಗಳು ಮೊದಲೇ ಕಂಡುಹಿಡಿದಿದ್ದರು. ತಕ್ಷಣ ಬಾಯಿಬಿಡಲು ಆಗಲಿಲ್ಲ. ಡಿಎಂಸಿಎ ಎಂಬ ಅಮೆರಿಕದ 1998ರ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಡಿಜಿಟಲ್ ಬೀಗ ಮುರಿಯುವುದೇ ಪ್ರತ್ಯೇಕ ತಪ್ಪು. ಹಾಗಾಗಿ ಮೊದಲು ವಕೀಲರ ಬಳಿ ಹೋಗಬೇಕಾಯಿತು. ಹಾಲ್ಡರ್‌ಮನ್‌ಗೆ ಹಿಂದೆಯೂ ಬೆದರಿಕೆ ಬಂದಿತ್ತು. 2003ರಲ್ಲಿ, ಬೇರೊಂದು ಸಿಡಿ ಬೀಗವನ್ನು ಕೀಬೋರ್ಡಿನ ಶಿಫ್ಟ್ ಗುಂಡಿ ಒತ್ತಿ ಹಿಡಿದರೆ ತಪ್ಪಿಸಬಹುದು ಎಂದು ಬರೆದದ್ದಕ್ಕೆ, ಅದನ್ನು ತಯಾರಿಸಿದ ಸನ್‌ಕಾಮ್ ಕಂಪನಿ ದಾವೆಯ ಮಾತೆತ್ತಿ, ಆಮೇಲೆ ಹಿಂದೆ ಸರಿಯಿತು. ಲಕ್ಷಾಂತರ ಕಂಪ್ಯೂಟರ್‌ಗಳು ಅಪಾಯದಲ್ಲಿವೆ ಎಂದು ಬಲ್ಲ ವಿದ್ವಾಂಸರು ಬಾಯಿ ಮುಚ್ಚಿಕೊಂಡು ಕಾಯಬೇಕಾದ ಕಾನೂನನ್ನು ನಾನು ಹಕ್ಕುಸ್ವಾಮ್ಯದ ರಕ್ಷಣೆ ಎಂದು ಒಪ್ಪಲಾರೆ.

ಇಷ್ಟೆಲ್ಲ ಮಾಡಿದ್ದು ಕಳವು ತಡೆಯಲು ಎಂದರಲ್ಲ, ಕಳವು ನಿಂತಿತೇ? ಆ ವರ್ಷಗಳಲ್ಲಿ ನಮ್ಮ ಬಸ್ ನಿಲ್ದಾಣಗಳ ಸುತ್ತಮುತ್ತ ನೂರಕ್ಕೂ ಹೆಚ್ಚು ಹಾಡು ತುಂಬಿದ ಎಂಪಿ3 ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಮಾರುತ್ತಿದ್ದುದನ್ನು ಕಂಡವರೆಲ್ಲರಿಗೂ ಉತ್ತರ ಗೊತ್ತಿದೆ. ಆ ಡಿಸ್ಕ್‌ಗಳಲ್ಲಿ ಬೀಗವೂ ಇರಲಿಲ್ಲ, ರೂಟ್‌ಕಿಟ್ಟೂ ಇರಲಿಲ್ಲ. ಪೆಟ್ಟು ತಿಂದದ್ದು ಅಂಗಡಿಗೆ ಹೋಗಿ ಪೂರ್ತಿ ಬೆಲೆ ಕೊಟ್ಟವರು.

ಬೀಗದ ಲೆಕ್ಕಾಚಾರ ಎಷ್ಟು ಟೊಳ್ಳು ಎಂಬುದನ್ನು ಅಂಕಿಗಳಲ್ಲಿ ಹೇಳಿದವರು ಆಪಲ್‌ನ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್. 2007ರ ಫೆಬ್ರುವರಿಯ ಬಹಿರಂಗ ಪತ್ರದಲ್ಲಿ ಅವರು ಕೊಟ್ಟ ಲೆಕ್ಕದಂತೆ, ಹಿಂದಿನ ವರ್ಷ ಆನ್‌ಲೈನ್ ಮಳಿಗೆಗಳಲ್ಲಿ ಮಾರಾಟವಾದ ಬೀಗದ ಹಾಡುಗಳು 200 ಕೋಟಿಗಿಂತ ಕಡಿಮೆ. ಅದೇ ಸಂಗೀತ ಕಂಪನಿಗಳು ಬೀಗವಿಲ್ಲದ ಸಿಡಿಗಳಲ್ಲಿ ಮಾರಿದ್ದು 2,000 ಕೋಟಿಗೂ ಹೆಚ್ಚು. ಆಪಲ್‌ನ ಉದ್ದೇಶ ಶುದ್ಧ ಪರೋಪಕಾರವೇನೂ ಆಗಿರಲಿಲ್ಲ, ಯುರೋಪಿನಲ್ಲಿ ಅದರ ಬೀಗದ ಮೇಲೆಯೇ ದೂರುಗಳಿದ್ದವು. ಆದರೂ ಲೆಕ್ಕ ಸರಿಯಾಗಿಯೇ ಇತ್ತು. ಇಎಂಐ ಏಪ್ರಿಲ್‌ನಲ್ಲಿ ಬೀಗ ತೆಗೆಯಿತು, ನಾಲ್ಕು ದೊಡ್ಡ ಕಂಪನಿಗಳಲ್ಲಿ ಸೋನಿ ಬಿಎಂಜಿ ಕೊನೆಯದಾಗಿ 2008ರ ಜನವರಿಯಲ್ಲಿ ಒಪ್ಪಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್, ಮುಚ್ಚಿದ ತನ್ನ ಎಂಎಸ್‌ಎನ್ ಮ್ಯೂಸಿಕ್ ಮಳಿಗೆಯ ಗ್ರಾಹಕರಿಗೆ, ಆಗಸ್ಟ್ 31ರ ನಂತರ ಅನುಮತಿ ಕೊಡುವ ಸರ್ವರ್ ಇರುವುದಿಲ್ಲ ಎಂದು ತಿಳಿಸಿತು. ಅಂದರೆ ಹೊಸ ಕಂಪ್ಯೂಟರ್ ಕೊಂಡರೆ, ದುಡ್ಡು ಕೊಟ್ಟ ಹಾಡುಗಳು ಅದರಲ್ಲಿ ಹಾಡುವುದಿಲ್ಲ. ಜನ ರೇಗಿದ ಮೇಲೆ ಗಡುವನ್ನು ಮುಂದೂಡಿದರು.

ಈಗ ಹಾಡನ್ನು ಕೊಳ್ಳುವ ಮಾತೇ ಇಲ್ಲ, ತಿಂಗಳ ಬಾಡಿಗೆ. ನಾನೂ ಒಂದು ಆ್ಯಪ್‌ಗೆ ಹಣ ಕಟ್ಟುತ್ತೇನೆ. ಬಹಳ ವರ್ಷ ಕೇಳಿಕೊಂಡು ಬಂದ ಹಿಂದೂಸ್ತಾನಿ ಗಾಯನದ ಒಂದು ಕಛೇರಿ ಅದರಲ್ಲಿತ್ತು. ಒಂದು ಬೆಳಿಗ್ಗೆ ನೋಡಿದರೆ ನನ್ನ ಪಟ್ಟಿಯಲ್ಲಿ ಆ ರಾಗಗಳ ಹೆಸರುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿವೆ, ಒತ್ತಿದರೆ ಹಾಡುತ್ತಿಲ್ಲ. ಕಾರಣ ಬರೆದಿಲ್ಲ, ಸಹಾಯವಾಣಿಗೆ ಬರೆದರೆ ಸಿದ್ಧ ಉತ್ತರ. ಹಕ್ಕುದಾರರಿಗೂ ಆ್ಯಪ್‌ಗೂ ನಡುವಿನ ಒಪ್ಪಂದ ಮುಗಿದರೆ ಹೀಗಾಗುತ್ತದೆ. ಕೇಳುಗರಿಗೆ ಆ ಒಪ್ಪಂದದಲ್ಲಿ ಮಾತೇ ಇಲ್ಲ. ಆ ಕಛೇರಿಯ ಸಿಡಿ ನನ್ನ ಕಪಾಟಿನಲ್ಲಿದೆ. ಅಂದು ಸಂಜೆ ಅದನ್ನೇ ಹಾಕಿ ಕೇಳಿದೆ.

ಹಕ್ಕುದಾರರ ಕೋಪವೆಲ್ಲ ಅನ್ಯಾಯ ಎಂದು ನಾನು ಹೇಳುವುದಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್, ತಾನು ಹಕ್ಕು ಪಡೆದಿದ್ದ ಕೆಜಿಎಫ್ ಎರಡನೆಯ ಭಾಗದ ಹಾಡುಗಳನ್ನು ಭಾರತ ಜೋಡೋ ಯಾತ್ರೆಯ ವೀಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ದೂರಿತು. ದೂರುವ ಹಕ್ಕು ಅದಕ್ಕಿದೆ. ಆದರೆ ಕೆಳಗಿನ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟು, ಆಕ್ಷೇಪಿತ ತುಣುಕುಗಳನ್ನು ತೆಗೆಯಬೇಕೆಂದು ಷರತ್ತು ಹಾಕಿತು. ತಪ್ಪು ಎಷ್ಟೋ ಅಷ್ಟಕ್ಕೇ ಪರಿಹಾರ. ನನಗೆ ಒಪ್ಪಿಗೆಯಾಗುವ ಅಳತೆ ಅದು.

ನಮ್ಮ ಹಕ್ಕುಸ್ವಾಮ್ಯ ಕಾನೂನು ಕೂಡ ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ವಿವೇಕದ್ದು ಎಂಬುದು ನನ್ನ ಅಭಿಪ್ರಾಯ. 2012ರ ತಿದ್ದುಪಡಿಯಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ ಬೀಗ ಮುರಿದರೆ ಎರಡು ವರ್ಷದವರೆಗೆ ಶಿಕ್ಷೆಯುಂಟು, ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇರಬೇಕು. 52ನೆಯ ಕಲಮು ಖಾಸಗಿ, ವೈಯಕ್ತಿಕ ಬಳಕೆಯನ್ನು ಉಲ್ಲಂಘನೆಯ ಹೊರಗಿಡುತ್ತದೆ. ಅದೇ ತಿದ್ದುಪಡಿ ಇನ್ನೊಂದು ದೊಡ್ಡ ಕೆಲಸ ಮಾಡಿತು. ಸಿನಿಮಾಕ್ಕೆ ಹಾಡು ಬರೆದವರು, ರಾಗ ಹಾಕಿದವರು, ಸಿನಿಮಾದ ಆಚೆಗಿನ ಬಳಕೆಯಿಂದ ಬರುವ ರಾಯಲ್ಟಿಯ ಪಾಲನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಹೊರತು ಬೇರೆಯವರಿಗೆ ಬರೆದುಕೊಡುವಂತಿಲ್ಲ ಎಂದಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ನಿಂತು ಇದಕ್ಕಾಗಿ ವಾದಿಸಿದ್ದರು. ಒಂದೇ ಸಲ ಒಂದಿಷ್ಟು ಹಣ ಕೈಗಿಟ್ಟು ಜೀವಮಾನದ ಹಕ್ಕನ್ನೆಲ್ಲ ಬರೆಸಿಕೊಳ್ಳುತ್ತಿದ್ದ ಪದ್ಧತಿಗೆ ಇದು ತಡೆಹಾಕಿತು. ಕಲಾವಿದರ ಪರವಾಗಿ ನಿಲ್ಲುವುದೆಂದರೆ ಇದು. ಎಕ್ಸ್‌ಸಿಪಿ ಬೀಗದಿಂದ ಯಾವ ಗೀತರಚನಕಾರರ ಮನೆಗೂ ಒಂದು ರೂಪಾಯಿ ಹೆಚ್ಚಿಗೆ ಹೋಗಲಿಲ್ಲ.

ಕಾನೂನು ಚೆನ್ನಾಗಿದ್ದರೂ ಈಗ ಜಗಳ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ, ಯಂತ್ರವೇ ತೀರ್ಮಾನಿಸಿಬಿಡುತ್ತದೆ. ಒಂದು ಕುಟುಂಬ ತಮ್ಮ ಅಜ್ಜಿಯ ಕ್ಯಾಸೆಟ್ ತಂದುಕೊಟ್ಟಿತ್ತು. ನಡುಮನೆಯಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಅವರು ಹಾಡಿದ ಪುರಂದರದಾಸರ ಕೀರ್ತನೆಗಳು; ಹಿನ್ನೆಲೆಯಲ್ಲಿ ಕುಕ್ಕರ್ ಕೂಗುವುದೂ ಕೇಳಿಸುತ್ತದೆ, ಅದನ್ನು ತೆಗೆಯಬೇಡಿ ಎಂದು ಮಗಳು ಹೇಳಿದ್ದರು. ಅಜ್ಜಿ ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆಯ ಹೊತ್ತಿಗೆ ಅಮೆರಿಕದಲ್ಲಿರುವ ಮೊಮ್ಮಕ್ಕಳೂ ಕೇಳಲಿ ಎಂದು ಒಂದು ವೀಡಿಯೊ ತಾಣಕ್ಕೆ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಸೂಚನೆ ಬಂತು: ಇದು ಇಂಥ ಕಂಪನಿಯ ಧ್ವನಿಮುದ್ರಣ, ಇದರ ಜಾಹೀರಾತಿನ ಆದಾಯ ಅವರಿಗೆ ಸೇರುತ್ತದೆ. ಐದು ಶತಮಾನ ಹಿಂದಿನ ಕೀರ್ತನೆಗೆ ಯಾರ ಹಕ್ಕೂ ಇಲ್ಲ, ಹಾಡಿದ್ದು ಆ ಮಗಳ ಅಮ್ಮ, ಮುದ್ರಿಸಿದ್ದು ಅಪ್ಪ. ಅದೇ ಕೀರ್ತನೆಯನ್ನು ಯಾರೋ ಹಾಡಿದ ಮಾರಾಟದ ಧ್ವನಿಮುದ್ರಣದೊಂದಿಗೆ ಯಂತ್ರ ತಾಳೆ ಹಾಕಿತ್ತು. ಅಜ್ಜಿಯ ಹಾಡಿಗೆ ಮುಂಚೆ ಸಾಬೂನಿನ ಜಾಹೀರಾತು ಬಂತು. ಆಕ್ಷೇಪಣೆಯನ್ನು ನಾನೇ ಕೂತು ಬರೆದುಕೊಟ್ಟೆ. ಎದುರು ಕಂಪನಿಯಿಂದ ಉತ್ತರ ಬರಲಿಲ್ಲ, ಗಡುವು ಮುಗಿದ ಮೇಲೆ ಹಕ್ಕುಸಾಧನೆ ತಾನಾಗಿ ಬಿದ್ದುಹೋಯಿತು. ಅಷ್ಟರಲ್ಲಿ ಸಮಾರಾಧನೆ ಮುಗಿದು ವಾರಗಳಾಗಿದ್ದವು. ಸುಳ್ಳು ಹಕ್ಕು ಸಾಧಿಸಿದ ಕಂಪನಿಗೆ ದಂಡವಿಲ್ಲ, ಕ್ಷಮೆ ಕೇಳುವ ಹೊಣೆಯೂ ಇಲ್ಲ. ಹೀಗೆ ಹಕ್ಕು ಸಾಧಿಸುವ ಮೊದಲು ಒಬ್ಬ ಮನುಷ್ಯ ಕೂತು ಕೇಳಿರಬೇಕು, ಸುಳ್ಳೆಂದು ತೇಲಿದರೆ ಸಾಧಿಸಿದವರು ಹಣ ತೆರಬೇಕು ಎಂಬ ನಿಯಮ ನಮ್ಮಲ್ಲಿ ಬರಬೇಕು.

ಅಲ್ಲಿಯವರೆಗೆ ನನ್ನ ಕೈಲಾದದ್ದನ್ನು ಮಾಡುತ್ತಿದ್ದೇನೆ. ಫೈಲುಗಳನ್ನು ಬೀಗವಿಲ್ಲದ, ಒಂದು ಬಿಟ್ ಕೂಡ ಕಳೆಯದ ಫ್ಲ್ಯಾಕ್ ರೂಪದಲ್ಲೇ ಕೊಡುತ್ತೇನೆ. ಮನೆಯಲ್ಲಿ ಹಾಡಿದ ಕ್ಯಾಸೆಟ್ ಆದರೆ ಜೊತೆಗೆ ಒಂದು ಹಾಳೆ: ಹಾಡಿದವರು ಯಾರು, ಯಾರ ರಚನೆ, ಯಾವ ಊರಿನ ಯಾವ ಮನೆಯಲ್ಲಿ, ಸುಮಾರು ಯಾವ ವರ್ಷ, ಮುದ್ರಿಸಿದವರು ಯಾರು. ಕ್ಯಾಸೆಟ್‌ನ ಎರಡೂ ಬದಿಯ ಫೋಟೊ. ಕೆಳಗೆ ಮನೆಯವರ ಸಹಿ, ನನ್ನ ಸಹಿ, ತಾರೀಖು. ಇನ್ನೊಮ್ಮೆ ಯಂತ್ರ ಅಡ್ಡ ಬಂದರೆ ಆಕ್ಷೇಪಣೆಯ ಜೊತೆ ಲಗತ್ತಿಸಲು ಅದು ಸಾಕು. ಮೂಲ ಕ್ಯಾಸೆಟ್ಟನ್ನು ಮಾತ್ರ ಗುಜರಿಗೆ ಹಾಕಬೇಡಿ, ಪುರಾವೆ ಅದೇ.